ತ್ರೀ ನಾಟ್ ತ್ರೀ ಕೊಳ್ಳುವ ಮುಂಚೆ: ಇಷಾಪುರದ ಹಳೇ ರೈಫಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಪಿಯುಸಿ ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಡ್ರಿಲ್‌ಗೆ ಕೊಡುತ್ತಿದ್ದ ಉದ್ದನೆಯ ತ್ರೀ ನಾಟ್ ತ್ರೀ ರೈಫಲ್ (ನಳಿಗೆ .303 ಇಂಚು ಅಗಲ, ಹೆಸರೂ ಅದರಿಂದಲೇ) ಸುಮಾರು 4 ಕಿಲೋ ತೂಕ. ಒಂದು ಗಂಟೆ ಹೊತ್ತರೆ ಸಂಜೆವರೆಗೂ ಭುಜ ನೋಯುತ್ತಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ ಟೆಕ್ಸಾಸ್‌ನ ಒಂದು ಗನ್ ಶೋದಲ್ಲಿ ಅದೇ ರೈಫಲ್ ಮೇಜಿನ ಮೇಲೆ ಮಲಗಿತ್ತು. ಬೋಲ್ಟ್ (ತೋಟಾ ತುಂಬಲು ಹಿಂದೆ ಮುಂದೆ ಎಳೆಯುವ ಉಕ್ಕಿನ ಅಗುಳಿ) ಹಿಡಿಯ ಕೆಳಗೆ, ಉಕ್ಕಿನ ಮೇಲೆ ಒಂದು ಕಿರೀಟ, 'ಜಿಆರ್‌ಐ' ಅಂತ ಜಾರ್ಜ್ ದೊರೆಯ ಮೂರಕ್ಷರ, ಇಷಾಪುರದ ಹೆಸರು, 1942 ಅಂತ ಇಸವಿ. ನಮ್ಮ ದೇಶದಲ್ಲಿ ಹುಟ್ಟಿದ್ದು ಇಷ್ಟು ದೂರ ಬಂದು ಕೂತಿದೆಯಲ್ಲ ಅನಿಸಿತು. ಕೊಂಡುಬಿಟ್ಟೆ. ಈಗ ಮನೆಯಲ್ಲಿ ನಾಲ್ಕು ಇವೆ. ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಈ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸರ್‌ಪ್ಲಸ್ ರೈಫಲ್ ಅಂದರೆ ಏನು? ಇಷಾಪುರದ್ದು ಅಮೆರಿಕಕ್ಕೆ ಹೇಗೆ ಬಂತು?

ಸೈನ್ಯ ಹೊಸ ಆಯುಧಕ್ಕೆ ಬದಲಾದಾಗ ಹಳೆಯವು ಗೋದಾಮಿನಲ್ಲಿ ಉಳಿಯುತ್ತವೆ. ಅವನ್ನು ಸರ್ಕಾರ ಒಟ್ಟಿಗೆ ಮಾರುತ್ತದೆ, ಆಮದು ಕಂಪನಿಗಳು ಕೊಂಡು ಬಿಡಿಬಿಡಿಯಾಗಿ ಮಾರುತ್ತವೆ. ಅದೇ ಸರ್‌ಪ್ಲಸ್.

ಕೋಲ್ಕತ್ತಾ ಹತ್ತಿರದ ಇಷಾಪುರ ರೈಫಲ್ ಕಾರ್ಖಾನೆ ಬ್ರಿಟಿಷರ ಕಾಲದ್ದು. ಇಂಗ್ಲೆಂಡಿನಲ್ಲಿ 1907ರಲ್ಲಿ ಬಂದ ಲೀ-ಎನ್‌ಫೀಲ್ಡ್ ಮಾರ್ಕ್ 3 ರೈಫಲ್ಲನ್ನು, ಆಮೇಲೆ 1916ರಲ್ಲಿ ಅದನ್ನೇ ಸರಳ ಮಾಡಿದ 'ಮಾರ್ಕ್ 3 ಸ್ಟಾರ್' ಅನ್ನು ಅಲ್ಲಿ ತಯಾರಿಸಿದರು. ಸ್ವಾತಂತ್ರ್ಯ ಬಂದ ಮೇಲೂ ನಿಲ್ಲಿಸಲಿಲ್ಲ. 1962ರಲ್ಲಿ ಚೀನಾ ಜೊತೆ ಯುದ್ಧವಾದಾಗ ನಮ್ಮ ಸೈನಿಕರ ಕೈಯಲ್ಲಿ ಇದ್ದದ್ದು ಇದೇ ತ್ರೀ ನಾಟ್ ತ್ರೀ. ಸೈನ್ಯ ಬಿಟ್ಟ ಮೇಲೆ ಪೊಲೀಸರ ಕೈಯಲ್ಲಿ ಉಳಿಯಿತು. ಠಾಣೆ ಬಾಗಿಲಲ್ಲಿ ಸೆಂಟ್ರಿ ಹಿಡಿದು ನಿಂತಿರುತ್ತಿದ್ದ ಕೋವಿ ನೆನಪಿದೆ ಅಲ್ವಾ? ಅದೇ ಇದು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೊಳ್ಳಬಹುದಾ?

ಸಾಮಾನ್ಯವಾಗಿ ಆಗುವುದಿಲ್ಲ. ದಯವಿಟ್ಟು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಅಮೆರಿಕದ ಫೆಡರಲ್ ಕಾನೂನಿನಲ್ಲಿ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲಾ ಇದರಲ್ಲಿ ಸೇರುತ್ತವೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅವುಗಳಲ್ಲಿ ಮುಖ್ಯವಾದದ್ದು. ಅದಿಲ್ಲದೆ ಗೆಳೆಯರ ಜೊತೆ ಗುಂಡು ಹೊಡೆಯುವ ರೇಂಜ್‌ಗೆ ಹೋಗಿ ಬಾಡಿಗೆ ಬಂದೂಕು ಹಿಡಿದರೂ ತಪ್ಪೇ. ಸಿಕ್ಕಿಬಿದ್ದರೆ ಜೈಲು, ಗಡಿಪಾರು, ಗ್ರೀನ್ ಕಾರ್ಡ್ ಆಸೆ ಮುಗಿದ ಹಾಗೆ. ಒಂದು ಹಳೇ ರೈಫಲ್‌ಗೋಸ್ಕರ ಹೆಂಡತಿ ಮಕ್ಕಳ ಬದುಕನ್ನು ಪಣಕ್ಕೆ ಇಡಬೇಡಿ.

ಬೇಟೆ ಲೈಸೆನ್ಸ್ ದಾರಿ ಹಿಡಿಯಬೇಕು ಅನಿಸಿದರೆ ಮೊದಲು ವಲಸೆ ವಕೀಲರನ್ನು ಕೇಳಿ. ನಾನಂತೂ ಗ್ರೀನ್ ಕಾರ್ಡ್ ಬರುವ ತನಕ ಕಾದೆ. ಆ ಒಂಬತ್ತು ವರ್ಷ ಪುಸ್ತಕ ಓದಿದೆ, ಮ್ಯೂಸಿಯಂ ಸುತ್ತಿದೆ. ಆಗ ಕಲಿತದ್ದೇ ಕೊಳ್ಳುವಾಗ ಕೈ ಹಿಡಿಯಿತು.

ಗ್ರೀನ್ ಕಾರ್ಡ್ ಬಂದಿದೆ. ಈಗ ಹೇಗೆ ಕೊಳ್ಳೋದು?

ಎರಡು ದಾರಿ. ಮೊದಲನೆಯದು ಲೈಸೆನ್ಸ್ ಇರುವ ಅಂಗಡಿಗೆ ಹೋಗಿ 4473 ಅನ್ನುವ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ತರುವುದು. ಗ್ರೀನ್ ಕಾರ್ಡ್‌ನವರು ತಮ್ಮ ಕಾರ್ಡ್ ಮೇಲಿರುವ ಏಲಿಯನ್ ನಂಬರ್ ಕೊಡಬೇಕು. ಒಂದೇ ರೈಫಲ್ ಸಾಕು ಅನ್ನುವವರಿಗೆ ಇಷ್ಟು ಸಾಕು.

ಎರಡನೆಯದು ಸಂಗ್ರಹಕಾರರ ಲೈಸೆನ್ಸ್. 'ಸಿ ಆ್ಯಂಡ್ ಆರ್' ಅಂತ ಕರೆಯುತ್ತಾರೆ, ಕ್ಯೂರಿಯೋ ಆ್ಯಂಡ್ ರೆಲಿಕ್. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ಬಂದೂಕುಗಳಿಗೆ ಇದು ಅನ್ವಯಿಸುತ್ತದೆ. 21 ವರ್ಷ ತುಂಬಿರಬೇಕು. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಅರ್ಜಿಯ ಒಂದು ಪ್ರತಿಯನ್ನು ನಿಮ್ಮೂರಿನ ಪೊಲೀಸ್ ಮುಖ್ಯಸ್ಥರಿಗೆ ಕಳಿಸಬೇಕು. ಈ ಲೈಸೆನ್ಸ್ ಇದ್ದರೆ ಬೇರೆ ರಾಜ್ಯದಿಂದ ತರಿಸಿದ ಹಳೇ ರೈಫಲ್ ನೇರ ಮನೆ ಬಾಗಿಲಿಗೆ ಬರುತ್ತದೆ.

ಇದರ ಜೊತೆ ಒಂದು ಜವಾಬ್ದಾರಿಯೂ ಇದೆ. ಲೆಕ್ಕದ ಪುಸ್ತಕ ಇಡಬೇಕು. ಯಾವ ದಿನ, ಯಾರಿಂದ, ಯಾವ ಮಾಡೆಲ್, ಯಾವ ಸೀರಿಯಲ್ ನಂಬರ್ ಅಂತ ಪ್ರತಿಯೊಂದೂ ಬರೆಯಬೇಕು. ಮಾರಿದರೆ ಅದನ್ನೂ ಬರೆಯಬೇಕು. ಈ ಲೈಸೆನ್ಸ್ ಹಿಡಿದು ವ್ಯಾಪಾರ ಮಾಡುವಂತಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಥರದ ರಾಜ್ಯಗಳ ನಿಯಮ ಇನ್ನೂ ಬಿಗಿ, ನಿಮ್ಮ ರಾಜ್ಯದ್ದನ್ನು ಬೇರೆಯಾಗಿ ಓದಿಕೊಳ್ಳಿ.

ಮೊದಲ ರೈಫಲ್ ಯಾವುದು ಆದರೆ ಒಳ್ಳೆಯದು?

ನನ್ನ ಮಾತು ಕೇಳಿದರೆ, 2ಎ1. ಇಷಾಪುರದಲ್ಲಿ 1960ರ ದಶಕದಲ್ಲಿ ಶುರುವಾದ ಮಾದರಿ. ನೋಡಲು ಹಳೇ ತ್ರೀ ನಾಟ್ ತ್ರೀ ಥರವೇ, ಆದರೆ 7.62 ಮಿಲಿಮೀಟರ್ ನೇಟೋ ತೋಟಾ ಹಿಡಿಯುತ್ತದೆ. ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಚೌಕಾಕಾರ, 10ರ ಬದಲು 12 ಗುಂಡು. ದೂರದಿಂದಲೇ ಗುರುತು ಸಿಗುತ್ತದೆ. ಇದಕ್ಕೂ ಮುಂಚಿನ 2ಎ ಮಾದರಿಯ ಹಿಂದಿನ ಸೈಟ್‌ನಲ್ಲಿ (ಗುರಿ ನೋಡುವ ಪಟ್ಟಿ) 2000 ಮೀಟರ್ ತನಕ ಗುರುತು ಇತ್ತು, ಅಷ್ಟು ದೂರ ಯಾರೂ ಗುರಿ ಇಡುವುದಿಲ್ಲ ಅಂತ 2ಎ1ರಲ್ಲಿ 800 ಮೀಟರ್‌ಗೆ ಇಳಿಸಿದರು.

ಇದನ್ನು ಹೇಳಲು ಕಾರಣ, ಇದು ಪೂರ್ತಿ ನಮ್ಮವರೇ ಮಾಡಿಕೊಂಡ ಬದಲಾವಣೆ. ಆಗ ಸೈನ್ಯಕ್ಕೆ ಹೊಸ ಸೆಲ್ಫ್ ಲೋಡಿಂಗ್ ರೈಫಲ್ ಬರುತ್ತಿತ್ತು, ಆದರೆ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಅಲ್ಲಿಯವರೆಗೆ ಅದೇ ಹೊಸ ತೋಟಾ ಹೊಡೆಯುವ ಒಂದು ರೈಫಲ್ ಬೇಕಿತ್ತು. ಕೈಯಲ್ಲಿದ್ದ ಯಂತ್ರ, ಗೊತ್ತಿದ್ದ ವಿನ್ಯಾಸ ಬಳಸಿ ಇದನ್ನು ತಯಾರಿಸಿದರು. ಬೋಲ್ಟ್ ಎಳೆದು ಹೊಡೆಯುವ ಲೀ-ಎನ್‌ಫೀಲ್ಡ್ ವಂಶದಲ್ಲಿ ಹೀಗೆ ಕೊನೆಗೆ ಹುಟ್ಟಿದವುಗಳಲ್ಲಿ ಇದೂ ಒಂದು.

2ಎ1 ಅಂದರೆ ಹಳೇ .303 ಅನ್ನೇ ಕೊರೆದು ಮಾಡಿದ್ದು ಅಂತಾರೆ. ನಿಜವಾ?

ತಪ್ಪು. ಇನ್ನೂ ಗಟ್ಟಿಯಾದ ಉಕ್ಕಿನಿಂದ ಹೊಸದಾಗಿಯೇ ತಯಾರಿಸಿದ್ದು. 7.62ರ ಒತ್ತಡ .303ಗಿಂತ ಜಾಸ್ತಿ. ಹಾಗಾಗಿ ಈ ಮಾತನ್ನು ತಿರುಗಿಸಿಯೂ ನೆನಪಿಡಿ: ಹಳೇ ಮಾರ್ಕ್ 3ಕ್ಕೆ ಯಾರಾದರೂ 7.62 ನಳಿಗೆ ಕೂರಿಸಿ ಕೊಟ್ಟರೆ ಮುಟ್ಟಬೇಡಿ.

ಮೇಜಿನ ಮುಂದೆ ನಿಂತಿದ್ದೇನೆ. ಏನೇನು ನೋಡಬೇಕು?

ಮೊದಲು ಮಾರುವವರ ಅನುಮತಿ ಕೇಳಿ ಬೋಲ್ಟ್ ಹಿಂದಕ್ಕೆ ಎಳೆಯಿರಿ, ಒಳಗೆ ತೋಟಾ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಪ್ರತಿ ಸಲ. ಈಗಷ್ಟೇ ಅವರೇ ನೋಡಿದ್ದರೂ ಸರಿ.

ಆಮೇಲೆ ಮರ. ಬಹಳ ಜನ ನಳಿಗೆಯನ್ನೇ ಮೊದಲು ನೋಡುತ್ತಾರೆ, ನಾನು ಮರದಿಂದ ಶುರು ಮಾಡುತ್ತೇನೆ. ಲೀ-ಎನ್‌ಫೀಲ್ಡ್‌ನಲ್ಲಿ ಮುಂದಿನ ಮರ ಉಕ್ಕಿನ ಮೈಗೆ ಒತ್ತಿ ಕೂತಿರಬೇಕು. ಪ್ರತಿ ಹೊಡೆತದ ಒದೆತ ಆ ಒತ್ತು ಜಾಗದ ಮೇಲೆ ಬೀಳುತ್ತದೆ. ಎಣ್ಣೆ ಕಾಣದೆ ದಶಕಗಟ್ಟಲೆ ಒಣಗಿದ ಮರ ಕುಗ್ಗಿ ಅಲ್ಲಿ ಸಂದು ಬಿಟ್ಟಿರುತ್ತದೆ. ಹಾಗೆಯೇ ಹೊಡೆದರೆ ಮರ ಸೀಳುತ್ತದೆ. ಮ್ಯಾಗಜಿನ್‌ನಿಂದ ಸ್ವಲ್ಪ ಮುಂದೆ, ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಕಂಡರೆ ಗಾಬರಿ ಬೇಡ. ಮರ ಸೀಳಬಾರದು ಅಂತ ಭಾರತದಲ್ಲೇ ಹಾಕಿದ ಬಲ ಅದು. ಸಂಗ್ರಹಕಾರರು 'ಇಷಾಪುರ ಸ್ಕ್ರೂ' ಅಂತಲೇ ಕರೆಯುತ್ತಾರೆ.

ಮೂರನೆಯದು ನಂಬರ್. ಉಕ್ಕಿನ ಮೈ ಮೇಲಿನ ಸೀರಿಯಲ್ ನಂಬರ್ ಬೋಲ್ಟ್ ಹಿಡಿಯ ಮೇಲೂ ಇರಬೇಕು. ಮೂತಿಯ (ನಳಿಗೆ ತುದಿಯ) ಕ್ಯಾಪ್, ಹಿಂದಿನ ಸೈಟ್, ಮರದ ಮೇಲೂ ಅದೇ ಇದ್ದರೆ ಬಂಗಾರ. ಬೋಲ್ಟ್ ನಂಬರ್ ಹೊಂದದಿದ್ದರೆ ಬರೀ ಬೆಲೆಯ ಪ್ರಶ್ನೆ ಅಲ್ಲ. ಒಂದು ಸಲ ಪಾರ್ಸೆಲ್‌ನಲ್ಲಿ ತರಿಸಿದ ರೈಫಲ್‌ನ ಬೋಲ್ಟ್ ಬೇರೆಯದಾಗಿತ್ತು. 'ಎಲ್ಲ ನಂಬರ್ ಹೊಂದುತ್ತದೆ' ಅಂತ ಮಾರಿದವರು ಬರೆದಿದ್ದರು, ಫೋಟೋದಲ್ಲಿ ಮಾತ್ರ ಬೋಲ್ಟ್ ಹಿಡಿ ಮೂಲೆಗೆ ಬಿದ್ದಿತ್ತು. ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಅಳತೆಯ ಗೇಜ್ ಹಾಕಿ ನೋಡಿದರೆ ಹೆಡ್‌ಸ್ಪೇಸ್ ಮಿತಿ ಮೀರಿತ್ತು. ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾದ ಅಂಚಿಗೆ ಉಳಿಯುವ ಜಾಗ ಜಾಸ್ತಿ ಇತ್ತು. .303ಗೆ ಆ ಜಾಗ 0.064 ಇಂಚಿನಿಂದ 0.074 ಇಂಚಿನ ಒಳಗೆ ಇರಬೇಕು. ಮೀರಿದರೆ ತೋಟಾದ ಹಿತ್ತಾಳೆ ಹರಿದು ಬಿಸಿ ಗಾಳಿ ಮುಖದ ಕಡೆ ಬರಬಹುದು. ಈಗ ಬೋಲ್ಟ್ ನಂಬರ್ ಕಾಣುವ ಫೋಟೋ ಕಳಿಸದಿದ್ದರೆ ನಾನು ದುಡ್ಡು ಕಳಿಸುವುದಿಲ್ಲ. ನೀವು ಯಾವುದೇ ರೈಫಲ್ ಕೊಂಡರೂ ಮೊದಲ ಗುಂಡು ಹೊಡೆಯುವ ಮುಂಚೆ ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿ.

ನಾಲ್ಕನೆಯದು ನಳಿಗೆ. ಬೋಲ್ಟ್ ಹೊರಗೆ ತೆಗೆದು ಸಣ್ಣ ಟಾರ್ಚ್ ಬಿಟ್ಟು ನೋಡಿ. ಮಾರ್ಕ್ 3ರಲ್ಲಿ ಗುಂಡನ್ನು ತಿರುಗಿಸಲು ಕೊರೆದ ಐದು ಗೆರೆ ಎಡಕ್ಕೆ ಸುತ್ತಿಕೊಂಡು ಹೋಗಿರುತ್ತವೆ. ಒಳಗೆ ಕಪ್ಪಾಗಿದ್ದರೂ ಗೆರೆಯ ಅಂಚು ಚೂಪಾಗಿದ್ದರೆ ಕೈ ಬಿಡಬೇಡಿ, ಅಂಥವು ಚೆನ್ನಾಗಿ ಹೊಡೆದದ್ದನ್ನು ನೋಡಿದ್ದೇನೆ. ಮೂತಿಯ ಅಂಚನ್ನು ಮಾತ್ರ ಸೂಕ್ಷ್ಮವಾಗಿ ಗಮನಿಸಿ. ಸಿಪಾಯಿಗಳು ಪುಲ್‌ಥ್ರೂ, ಅಂದರೆ ನಳಿಗೆ ಒರೆಸುವ ದಾರವನ್ನು ಒಂದೇ ಕಡೆಗೆ ವಾಲಿಸಿ ಎಳೆದು ಎಳೆದು ಅಲ್ಲಿ ಸವೆದಿರುತ್ತದೆ. ಸವೆದರೆ ಗುರಿ ನಿಲ್ಲುವುದಿಲ್ಲ.

ಕೊನೆಗೆ ಬಟ್‌ನ (ಭುಜಕ್ಕೆ ಒತ್ತುವ ಹಿಂದಿನ ಮರ) ಹಿತ್ತಾಳೆ ತಟ್ಟೆಯ ಪುಟ್ಟ ಮುಚ್ಚಳ ತೆರೆಯಿರಿ. ಎಣ್ಣೆ ಶೀಶೆ, ಪುಲ್‌ಥ್ರೂ ಇಡುತ್ತಿದ್ದ ಗೂಡು ಅದು. ಒಂದು ರೈಫಲ್‌ನಲ್ಲಿ ನನಗೆ ಎಣ್ಣೆ ಹಿಡಿದ ಚಿಂದಿಯೊಂದು ಸಿಕ್ಕಿತು, ಮಡಿಕೆ ಹಾಕಿದ ಹಾಗೇ ಇತ್ತು. ಅದನ್ನು ತೆಗೆದಿಲ್ಲ, ಇನ್ನೂ ಒಳಗೇ ಇದೆ.

'ಡಿಪಿ' ಅಂತ ಕೊರೆದಿದೆ, ತುಂಬಾ ಅಗ್ಗ. ತಗೊಳ್ಳಲಾ?

ಡಿಪಿ ಅಂದರೆ ಡ್ರಿಲ್ ಪರ್ಪಸ್. ಹೊಡೆಯಲು ಯೋಗ್ಯವಲ್ಲ ಅಂತ ಸೈನ್ಯವೇ ಪಕ್ಕಕ್ಕೆ ಇಟ್ಟದ್ದು. ಎನ್‌ಸಿಸಿಯಲ್ಲಿ ನಾವು ಹೊತ್ತದ್ದು ಇಂಥದ್ದನ್ನೇ. ಗೋಡೆಗೆ ಬೇಕಾದರೆ ಧಾರಾಳವಾಗಿ ತಗೊಳ್ಳಿ. ಗುಂಡು ಮಾತ್ರ ಹಾಕಬೇಡಿ. ಕೆಲವರು ಆ ಅಕ್ಷರ ಉಜ್ಜಿ ಅಳಿಸಿ ಮಾರುತ್ತಾರೆ. ಉಕ್ಕಿನ ಮೇಲೆ ತಟ್ಟನೆ ತಗ್ಗಾದ, ಬಣ್ಣ ಬೇರೆಯಾದ ಜಾಗ ಕಂಡರೆ ಅನುಮಾನ ಪಡಿ.

ಮುಂದಿನ ಮರಕ್ಕೆ ತಂತಿ ಸುತ್ತಿದೆ. ಒಡೆದದ್ದನ್ನು ಕಟ್ಟಿದ್ದಾರಾ?

ಇಲ್ಲ. ನಳಿಗೆ ತುದಿಯಿಂದ ಗ್ರೆನೇಡ್ ಹಾರಿಸಲು ಬಳಸಿದ ರೈಫಲ್ ಅದು. ಒದೆತ ತಡೆಯಲಿ ಅಂತ ತಂತಿ ಸುತ್ತಿ ಬೆಸುಗೆ ಹಾಕುತ್ತಿದ್ದರು. ಸಂಗ್ರಹಕ್ಕೆ ಬಹಳ ಚೆಂದ, ಬಿಚ್ಚಲು ಹೋಗಬೇಡಿ. ಆದರೆ ತುಂಬಾ ಏಟು ತಿಂದ ರೈಫಲ್ ಅದು, ಹೊಡೆಯಲು ಅಲ್ಲ.

ಇನ್ನೊಂದು ಬಗೆ .410 ಮಸ್ಕೆಟ್. ಕಾವಲುಗಾರರಿಗೂ ಪೊಲೀಸರಿಗೂ ಅಂತ .303 ನಳಿಗೆಯ ಗೆರೆ ತೆಗೆದು ನುಣುಪು ಮಾಡಿ, ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ತುರುಕಿ, ಒಂದೊಂದೇ ಗುಂಡು ಹಾಕುವ ಹಾಗೆ ಮಾಡಿದ್ದರು. ಕಸಿದುಕೊಂಡವರ ಕೈಯಲ್ಲಿ ಜಾಸ್ತಿ ಉಪಯೋಗಕ್ಕೆ ಬಾರದಿರಲಿ ಅನ್ನುವ ಲೆಕ್ಕ. ಆ ಮರದ ತುಂಡನ್ನು ನೋಡಿದಾಗ ಆಳುವವರ ಭಯ ಎಷ್ಟಿತ್ತು ಅಂತ ಅರ್ಥವಾಗುತ್ತದೆ.

ನಕಲಿ ಬರುತ್ತದೆಯಾ?

ಬರುತ್ತದೆ. ಮುಖ್ಯವಾಗಿ ಎರಡು ಥರ.

ಒಂದು, ಖೈಬರ್ ಕಣಿವೆಯ ಕಡೆಯ ಕೈಕೆಲಸ. ಪಾಕಿಸ್ತಾನದ ದರ್ರಾ ಆದಮ್ ಖೇಲ್‌ನಲ್ಲಿ ಸಣ್ಣ ಸಣ್ಣ ಗೂಡುಗಳಲ್ಲಿ ಕೂತು ಕೈಯಲ್ಲೇ ಉಜ್ಜಿ ಮಾಡಿದವು. ಕೆಲಸಗಾರರ ಕೈಚಳಕಕ್ಕೆ ತಲೆಬಾಗಬೇಕು, ಆದರೆ ಉಕ್ಕು ನಂಬುವ ಹಾಗಿಲ್ಲ. ಗುರುತು ಹಿಡಿಯೋದು ಅಕ್ಷರದಲ್ಲಿ. ಇಂಗ್ಲಿಷ್ ಬಾರದವರು ನೋಡಿ ನೋಡಿ ಕೊರೆದದ್ದರಿಂದ ಅಕ್ಷರ ತಲೆಕೆಳಗಾಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ. ವಿಕ್ಟೋರಿಯಾ ರಾಣಿಯ 'ವಿಆರ್' ಮುದ್ರೆ ಹಾಕಿ ಪಕ್ಕದಲ್ಲಿ 1910ರಂಥ ಇಸವಿ ಹಾಕಿರುತ್ತಾರೆ. ರಾಣಿ ತೀರಿಕೊಂಡದ್ದು 1901ರಲ್ಲಿ.

ಇನ್ನೊಂದು, 'ಜಂಗಲ್ ಕಾರ್ಬೈನ್'. ಎರಡನೇ ಮಹಾಯುದ್ಧದ ಕೊನೆಗೆ ಇಂಗ್ಲೆಂಡ್‌ನಲ್ಲಿ ಮಾಡಿದ ಗಿಡ್ಡ ನಂಬರ್ 5 ರೈಫಲ್ ಬಹಳ ಬೇಡಿಕೆಯದ್ದು. ಅದಕ್ಕೇ ಆಮೇಲೆ ಅಮೆರಿಕದಲ್ಲಿ ಉದ್ದನೆಯ ರೈಫಲ್‌ಗಳನ್ನು, ನಮ್ಮ 2ಎ1ಗಳನ್ನೂ ಸೇರಿಸಿ, ಕತ್ತರಿಸಿ ಅದರ ಹಾಗೆ ಕಾಣಿಸಿದರು. ಅಸಲಿ ನಂಬರ್ 5ರಲ್ಲಿ ತೂಕ ಇಳಿಸಲು ಉಕ್ಕನ್ನು ಅಲ್ಲಲ್ಲಿ ಕೆತ್ತಿ ತೆಗೆದಿರುತ್ತಾರೆ. ನಕಲಿನಲ್ಲಿ ಅದಿಲ್ಲ. ಹೀಗೆ ಕತ್ತರಿಸಿದ 2ಎ1 ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಳಿಗೆ ಮೇಲೆ ಅಮೆರಿಕದ ಕಂಪನಿ ಹೆಸರು ಯಾಕಿದೆ?

ಆಮದು ಮುದ್ರೆ. 1968ರ ಬಂದೂಕು ಕಾನೂನು ಸೈನ್ಯದ ಸರ್‌ಪ್ಲಸ್ ಆಮದನ್ನು ನಿಲ್ಲಿಸಿತು. 1980ರ ದಶಕದಲ್ಲಿ ಹಳೆಯವುಗಳಿಗೆ ಮತ್ತೆ ಬಾಗಿಲು ತೆರೆಯಿತು, ಆಮದು ಮಾಡಿದವರ ಹೆಸರು, ಊರು ಕೊರೆಯುವುದು ಕಡ್ಡಾಯ. ಮುದ್ರೆ ಇಲ್ಲದ್ದು ಹೆಚ್ಚಾಗಿ 1968ಕ್ಕೂ ಮುಂಚೆ ಬಂದದ್ದು, ಬೆಲೆ ಜಾಸ್ತಿ.

ಮನೆಗೆ ತಂದ ಮೇಲೆ ಪಾಲಿಶ್ ಹೊಡೆಸಿ ಹೊಸದರಂತೆ ಮಾಡಬಹುದಾ?

ದಯವಿಟ್ಟು ಬೇಡ. ಸ್ಯಾಂಡ್‌ಪೇಪರ್ ಹತ್ತಿರಕ್ಕೂ ಹೋಗಬೇಡಿ. ಮರದ ಮೇಲಿನ ಪ್ರತಿ ಗೀರು, ಪ್ರತಿ ಮುದ್ರೆ ಅದರ ಚರಿತ್ರೆ. ಒಮ್ಮೆ ಉಜ್ಜಿದರೆ ಅದು ವಾಪಸ್ ಬರುವುದಿಲ್ಲ. ಇಷಾಪುರದ ಎಷ್ಟೋ ರೈಫಲ್‌ಗಳ ಮೇಲೆ ದಪ್ಪ ಕಪ್ಪು ಬಣ್ಣ ಬಳಿದಿರುತ್ತಾರೆ, ನೋಡಲು ಒರಟು. ಅದೂ ಅಲ್ಲಿಯದ್ದೇ, ಇರಲಿ.

ಮಾಡಬೇಕಾದ್ದು ಇಷ್ಟೇ. ಗೋದಾಮಿನ ಅಂಟು ಗ್ರೀಸ್ ಒರೆಸಿ ತೆಗೆಯಿರಿ. ಮರಕ್ಕೆ ಅಗಸೆ ಎಣ್ಣೆ, ಅಂಗೈಯಲ್ಲಿ ನಾಲ್ಕೈದು ಹನಿ ಹಾಕಿಕೊಂಡು, ಅಂಗೈ ಬಿಸಿಯಾಗುವ ತನಕ ತಿಕ್ಕಿ. ಒಂದು ದಿನ ಬಿಟ್ಟು ಮತ್ತೆ. ಒಣಗಿದ ಮರ ಎಣ್ಣೆ ಕುಡಿಯುವುದು ಕಣ್ಣಿಗೇ ಕಾಣುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಬಿಚ್ಚುವಾಗ ಒಂದು ಎಚ್ಚರ. ಮಾರ್ಕ್ 3 ಮತ್ತು 2ಎ1ರಲ್ಲಿ ಮುಂದಿನ ಮರ ಮೊದಲು ತೆಗೆಯಬೇಕು, ಬಟ್ ಆಮೇಲೆ. ಬಟ್ ಹಿಡಿದಿರುವ ಉದ್ದ ಸ್ಕ್ರೂನ ಚೌಕ ತುದಿ ಮುಂದಿನ ಮರದೊಳಗಿನ ತಟ್ಟೆಗೆ ಸಿಕ್ಕಿಕೊಂಡಿರುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ರೈಫಲ್‌ನ ಬಟ್ ತಿರುಗಿಸಿದೆ. 'ಟಕ್' ಅಂತ ಸಣ್ಣ ಸದ್ದು. ಎರಡು ಮಹಾಯುದ್ಧಗಳಲ್ಲಿ ಒಂದನ್ನು ಕಂಡು ಬಂದ ಮರ ನನ್ನ ಕೈಯಲ್ಲಿ ಬಿರುಕು ಬಿಟ್ಟಿತು. ಆ ಬಿರುಕು ನೋಡಿದಾಗ ಇವತ್ತಿಗೂ ಬೇಜಾರು.

ಯಾವ ಗುಂಡು ಹಾಕಬೇಕು?

.303ಗೆ ಹೊಸದಾಗಿ ತಯಾರಾಗುವ ತೋಟಾ ಸಿಗುತ್ತದೆ, ಅದನ್ನೇ ಕೊಳ್ಳಿ. ಹಳೇ ಸೈನ್ಯದ ತೋಟಾ ಅಗ್ಗ, ಆದರೆ ಎರಡು ತೊಂದರೆ. ಕೆಲವು ತಡವಾಗಿ ಹಾರುತ್ತವೆ. ಟ್ರಿಗರ್ ಎಳೆದಾಗ 'ಕ್ಲಿಕ್' ಅಂದು ಸುಮ್ಮನಾದರೆ ತಕ್ಷಣ ಬೋಲ್ಟ್ ತೆರೆಯಬೇಡಿ. ಮೂತಿ ಗುರಿಯ ಕಡೆಗೇ ಇರಲಿ, ಒಂದು ನಿಮಿಷ ಕಾಯಿರಿ. ಇನ್ನೊಂದು, ಹಳೇ ಪ್ರೈಮರ್ (ತೋಟಾದ ತಳದ ಕಿಡಿ ಮದ್ದು) ಸುಟ್ಟಾಗ ನಳಿಗೆಯೊಳಗೆ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವ ಹೀರಿ ಬೇಗ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಗೆ ಹೋಗುವುದಿಲ್ಲ, ನೀರಿಗೇ ಹೋಗಬೇಕು. ಹಳೇ ಸಿಪಾಯಿಗಳ ಹಾಗೆ ಲಾಳಿಕೆ ಇಟ್ಟು ಕುದಿಯುವ ನೀರು ಸುರಿಯಿರಿ, ಒಣಗಿಸಿ, ಆಮೇಲೆ ಎಣ್ಣೆ.

2ಎ1ಗೆ 7.62 ನೇಟೋ. ಅಂಗಡಿಯ .308 ತೋಟಾ ಒಳಗೆ ಕೂರುತ್ತದೆ, ಹೊಡೆಯುವವರೂ ಇದ್ದಾರೆ. ನಾನು ಹೊಡೆಯುವುದಿಲ್ಲ. ಐವತ್ತು ವರ್ಷ ದಾಟಿದ ಉಕ್ಕಿಗೆ ಅದು ಯಾವುದಕ್ಕೆ ತಯಾರಾಗಿದೆಯೋ ಅದೇ ಸಾಕು.

ಮನೆಯಲ್ಲಿ ಮಕ್ಕಳಿದ್ದಾರೆ. ಎಲ್ಲಿ ಇಡಲಿ?

ಬೀಗದ ಉಕ್ಕಿನ ಕಪಾಟು. ಬೋಲ್ಟ್ ಬೇರೆ ಕಡೆ, ತೋಟಾ ಇನ್ನೊಂದು ಕಡೆ, ಮೂರಕ್ಕೂ ಬೀಗ. ಗೋಡೆಗೆ ನೇತುಹಾಕುವ ಆಸೆ ನನಗೂ ಇತ್ತು, ಮಗಳು ಹುಟ್ಟಿದ ದಿನ ಬಿಟ್ಟೆ.

ಊರಿಗೆ ತಗೊಂಡು ಹೋಗಿ ಅಪ್ಪನಿಗೆ ತೋರಿಸಬಹುದಾ?

ಫೋಟೋ ತೋರಿಸಿ. ಭಾರತದಲ್ಲಿ .303 ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದಲ್ಲ. ಅಲ್ಲಿ ಜನಸಾಮಾನ್ಯರ ಕೈಗೆ ಲೈಸೆನ್ಸ್ ಮೇಲೆ ಬರುವುದು ಇದೇ ವಂಶದ .315 ಸ್ಪೋರ್ಟಿಂಗ್ ರೈಫಲ್. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅದನ್ನು ನೋಡಿರುತ್ತೀರಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಜನ ಅವರು. ಆದರೆ ಆ ವಿನಾಯಿತಿ ಅಮೆರಿಕದಲ್ಲಿ ಕೊಂಡದ್ದನ್ನು ಒಳಗೆ ತರುವ ಪರವಾನಗಿ ಅಲ್ಲ.

ರೇಂಜ್‌ಗೆ ಒಯ್ಯುವ ಚೀಲವನ್ನು ಊರಿನ ಪ್ರಯಾಣಕ್ಕೆ ಯಾವತ್ತೂ ಬಳಸಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬೀಳುತ್ತದೆ.

ಕೊಂಡಾಯಿತು. ಮೊದಲ ದಿನ ಏನು ಮಾಡಲಿ?

ಲೆಕ್ಕದ ಪುಸ್ತಕ ಇದ್ದರೆ ಅದರಲ್ಲಿ ಬರೆಯಿರಿ. ಆಮೇಲೆ ಒಂದು ರಟ್ಟಿನ ಚೀಟಿ ತಗೊಂಡು, ಸೀರಿಯಲ್ ನಂಬರ್, ಇಸವಿ, ಎಲ್ಲಿ ಯಾರಿಂದ ಕೊಂಡಿರಿ, ಕಂಡ ಮುದ್ರೆಗಳೇನು, ಯಾವ ಭಾಗ ಬದಲಾಗಿದೆ ಅಂತ ಪೆನ್ಸಿಲ್‌ನಲ್ಲಿ ಬರೆದು ಟ್ರಿಗರ್ ಸುತ್ತಲಿನ ಕಾವಲು ಬಳೆಗೆ ದಾರದಲ್ಲಿ ಕಟ್ಟಿ. ಪೆನ್ನು ಬೇಡ, ಎಣ್ಣೆ ತಾಗಿದರೆ ಶಾಯಿ ಹರಡುತ್ತದೆ. ನನ್ನ 1942ರ ಇಷಾಪುರದ ಚೀಟಿಯಲ್ಲಿ ಕೊನೆಯ ಸಾಲು ಹೀಗಿದೆ: 'ಮುಂದಿನ ಮರದ ಬಿರುಕು ನನ್ನಿಂದ ಆದದ್ದು. ಬಟ್ ಗೂಡಿನೊಳಗೆ ಚಿಂದಿ ಇದೆ, ತೆಗೆಯಬೇಡಿ.'